ಮೊಟ್ಟೆ ಹಿಡಿದು ಸಂಕ ದಾಟಿದ್ದು

ನನ್ನನ್ನು ಈಗ ಜನ ಹೋರಾಟಗಾರ್ತಿ ಅನ್ನುತ್ತಾರೆ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹಾಗೆ ಕರೆದರೆ ನಾನೇ ಹಿಂದೆ ತಿರುಗಿ ನೋಡುತ್ತೇನೆ, ಇನ್ಯಾರನ್ನೋ ಕರೆದಿರಬೇಕು ಎಂದು. ಮೊದಲು ನಾನು ಬರೀ ರೀಲ್ಸ್ ಹುಡುಗಿ. ಅಮ್ಮನ ಫ್ಯಾನ್ಸಿ ಸ್ಟೋರಿನಲ್ಲಿ ಬಳೆ, ಕ್ಲಿಪ್ಪು ಮಾರುವುದು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯದೇ ಓಲೆ ಹಾಕಿಕೊಂಡು ಫೋನಿನ ಮುಂದೆ ನಗುವುದು, ಇಷ್ಟೇ ನನ್ನ ಉದ್ಯೋಗ. ಫೋನ್ ಹಿಡಿಯುವವಳು ಅಮ್ಮ. ಅವಳಿಗೆ ನನ್ನ ರೀಲ್ಸ್ ಕಂಡರೆ ಆಗುತ್ತಿರಲಿಲ್ಲ. ಆದರೆ ನಾನು ಹಾಕಿದ ಓಲೆಯನ್ನೇ ಕೇಳಿಕೊಂಡು ಹುಡುಗಿಯರು ಬರುತ್ತಿದ್ದರು, ಹಾಗಾಗಿ ಬೈಯುತ್ತಲೇ ಹಿಡಿಯುತ್ತಿದ್ದಳು.

ಒಂದು ದಿನ ನೆಮ್ಮಾರಿನ ಕಡೆ ನೆಂಟರ ಮನೆ ಗೃಹಪ್ರವೇಶಕ್ಕೆ ಹೋಗಿದ್ದೆವು. ಬರುವಾಗ ದಾರಿ ಬದಿಯಲ್ಲಿ ಒಂದು ಹಳ್ಳ, ಅದಕ್ಕೊಂದು ಕಾಲುಸಂಕ. ಮೂರು ಅಡಿಕೆ ಮರ ಅಡ್ಡ ಮಲಗಿಸಿ, ಕೈ ಹಿಡಿಯಲಿಕ್ಕೆ ಒಂದು ಬದಿ ಬಿದಿರು ಕಟ್ಟಿದ್ದರು. ಆಚೆ ದಡದಲ್ಲಿ ಏಳೆಂಟು ಮನೆ, ಈಚೆ ದಡದಲ್ಲಿ ಒಂದು ಅಂಗನವಾಡಿ. ನಾನು ಉಟ್ಟಿದ್ದು ಕೆಂಪು ಸೀರೆ. ಬಿಟ್ಟು ಬರಲಿಕ್ಕೆ ಮನಸ್ಸಾಗುತ್ತದೆಯೇ? ಸಂಕದ ಮೇಲೆ ಹೋಗಿ, ಸೆರಗು ಹಾರಿಸಿ, ತಿರುಗಿ, "ಇಂಥ ಸಂಕ ಇರುವಾಗ ಸಿಮೆಂಟ್ ಸೇತುವೆ ಯಾರಿಗೆ ಬೇಕು?" ಅಂದೆ. ಅಷ್ಟೇ. ಲಕ್ಷಗಟ್ಟಲೆ ಜನ ನೋಡಿಬಿಟ್ಟರು.

ನಾನು ಇಟ್ಟದ್ದು ಮೂರೇ ಹೆಜ್ಜೆ. ನಾಲ್ಕನೆಯದಕ್ಕೆ ಕೆಳಗಿನ ಬಂಡೆ ಕಂಡು ಹೆದರಿ ವಾಪಸ್ ಬಂದಿದ್ದೆ. ಆ ಭಾಗವನ್ನು ಕತ್ತರಿಸಿ ಹಾಕಿದ್ದೆ.

ಯುಗಾದಿ ಕಳೆದ ಮೇಲೆ ಒಬ್ಬ ಹೆಂಗಸು ಅಂಗಡಿಗೆ ಬಂದರು. ಎರಡು ಹೇರ್‌ಪಿನ್ ತಗೊಂಡು, ಮುಡಿಗೆ ಸಿಕ್ಕಿಸಿಕೊಂಡು, ಆಮೇಲೆ ನನ್ನ ಮುಖ ನೋಡಿದರು.

"ಸಂಕದ ಹುಡುಗಿ ನೀನೇ ಅಲ್ದಾ? ನಾನು ಅಲ್ಲಿ ಅಂಗನವಾಡಿ ಟೀಚರ್."

ನಾನು ಸೆಲ್ಫಿಗೆ ಕೂದಲು ಸರಿಮಾಡಿಕೊಂಡೆ. ಅವರು ಬಂದದ್ದು ಸೆಲ್ಫಿಗಲ್ಲ.

"ನಿನ್ನ ವಿಡಿಯೊ ನೋಡಿ ಊರೂರಿಂದ ಕಾರು ಮಾಡ್ಕಂಡು ಬರ್ತಾರೆ ಮಾರಾಯ್ತಿ. ಹತ್ತು ಹತ್ತು ಜನ ಒಟ್ಟಿಗೆ ನಿಂತು ಕುಣೀತಾರೆ. ಒಂದು ಮರ ಸೀಳಿ ಹೋಗಿದೆ. ಮಳೆಗಾಲದಲ್ಲಿ ಮಕ್ಕಳನ್ನ ಸಂಕ ದಾಟಿಸಲಿಕ್ಕೆ ತಾಯಂದ್ರು ಹೆದರ್ತಾರೆ, ನಾನೇ ಮೊಟ್ಟೆ ಹೊತ್ಕಂಡು ಆಚೆ ಹೋಗಿ ಕೊಟ್ಟು ಬರ್ತೀನಿ. ಈ ಸಲ ಮಳೆ ಹಿಡಿಯೋದ್ರೊಳಗೆ ಒಂದು ಸೇತುವೆ ಆಗ್ಲಿಲ್ಲ ಅಂದ್ರೆ ಮಕ್ಕಳು ಆಚೆ, ನಾನು ಈಚೆ. ಮೂರು ತಿಂಗಳು ಅವಕ್ಕೆ ಮೊಟ್ಟೆನೂ ಇಲ್ಲ, ಅಕ್ಷರನೂ ಇಲ್ಲ."

ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ಪಿನ್ನಿನ ದುಡ್ಡು ಕೊಟ್ಟು ಹೊರಟರು.

ಮರುದಿನವೇ ಸೇತುವೆ ಮಾಡಿಸುವ ಕಚೇರಿಗೆ ಹೋದೆ. ಇಂಜಿನಿಯರ್ ಸಾಹೇಬರು ಬಹಳ ಮರ್ಯಾದಸ್ಥರು. ಕುರ್ಚಿ ಕೊಟ್ಟರು, ಕಾಫಿ ತರಿಸಿದರು, ತಮ್ಮ ಫೋನ್ ತೆಗೆದು ನನ್ನ ಕಡೆ ತಿರುಗಿಸಿದರು. ಕೆಂಪು ಸೀರೆಯಲ್ಲಿ ನಾನೇ ತಿರುಗುತ್ತಿದ್ದೆ. "ಸಿಮೆಂಟ್ ಸೇತುವೆ ಯಾರಿಗೆ ಬೇಕು?"

"ಇದು ನೀವೇ ಅಲ್ವಾ ಮೇಡಂ?"

"ಹೌದು ಸರ್. ಆದ್ರೆ..."

"ನಮ್ಮನೆಯವ್ರಿಗೆ ಭಾರೀ ಇಷ್ಟ. ಜನರಿಗೇ ಬೇಡ ಅಂದ್ಮೇಲೆ ನಾವು ಯಾಕೆ ಒತ್ತಾಯ ಮಾಡ್ಬೇಕು ಅಂತ ಆ ಸೇತುವೆ ಫೈಲು ಬದಿಗಿಟ್ಟಿದ್ದು."

ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ. ವಾಪಸ್ ಬಂದವಳೇ ಅಂಗಡಿ ಮುಂದೆ ನಿಂತು ಮುಷ್ಟಿ ಎತ್ತಿ ಕೂಗಿದೆ, "ನಮಗೆ ಸೇತುವೆ ಬೇಕೇ ಬೇಕು!" ಅಮ್ಮ ಫೋನಿನ ಹಿಂದಿನಿಂದ, "ಮುಷ್ಟಿ ಸ್ವಲ್ಪ ಕೆಳಗೆ ಮಾಡೇ, ಬಳೆ ಕಾಣ್ತಿಲ್ಲ" ಅಂದಳು. ಆ ವಿಡಿಯೊದಿಂದ ಆದ ಪ್ರಯೋಜನ ಇಷ್ಟೇ: ಆ ನಮೂನೆ ಬಳೆ ಖಾಲಿಯಾಯಿತು.

ಹಾಗಾದರೆ ಸಂಕದ ಹತ್ತಿರವೇ ಮಾಡೋಣ ಎಂದು ಅಮ್ಮನನ್ನು ಕರೆದುಕೊಂಡು ಹೋದೆ. ಬೇಸಿಗೆ. ಹಳ್ಳದಲ್ಲಿ ನೀರು ಮೊಣಕಾಲಿನಷ್ಟು, ಆದರೆ ಮೇಲಿಂದ ನೋಡಿದರೆ ಬರೀ ಬಂಡೆ. ನಾನು ಮುಷ್ಟಿ ಎತ್ತುವುದರೊಳಗೆ ಟೀಚರ್ ಮೊಟ್ಟೆಯ ಟ್ರೇ ತಂದು ನನ್ನ ಕೈಗಿಟ್ಟರು.

"ಭಾಷಣ ಸಾಕು. ಮರ ಸೀಳಿದ ಮೇಲೆ ಮಕ್ಕಳನ್ನ ಈಚೆ ಕಳಿಸ್ತಿಲ್ಲ, ಇದನ್ನ ಆಚೆ ಮುಟ್ಸು. ಮೂರು ಹೆಜ್ಜೆ ಹೋಗಿ ತಿರುಗಿ ಬರೋದಲ್ಲ, ಮತ್ತೆ."

"ನಿಮಗೆ ಹೆಂಗೆ ಗೊತ್ತು ಟೀಚರ್?"

"ಅವತ್ತು ಕಿಟಕಿಯಿಂದ ನೋಡ್ತಿದ್ದೆ. ಮಕ್ಕಳೂ ನೋಡ್ತಿದ್ವು."

ಇನ್ನು ಹೇಗೆ ಇಲ್ಲ ಅನ್ನುವುದು? ಚಪ್ಪಲಿ ಬಿಚ್ಚಿಟ್ಟು ಹೊರಟೆ. ಮೂರು ಹೆಜ್ಜೆ ಅಭ್ಯಾಸವಿತ್ತು, ಸಲೀಸಾಗಿ ಹೋದೆ. ನಾಲ್ಕನೆಯದಕ್ಕೆ ಸೀಳಿದ ಮರ ಕಿರ್ ಅಂದಿತು. ಬಿದಿರು ಹಿಡಿಯೋಣವೆಂದರೆ ಕೈಯಲ್ಲಿ ಮೊಟ್ಟೆ. ಅಲ್ಲೇ ಧೊಪ್ಪನೆ ಕೂತೆ. ಟ್ರೇ ತೊಡೆಯ ಮೇಲೆ, ಒಂದು ಕೈ ಬಿದಿರಿನ ಮೇಲೆ. ಕೂತಲ್ಲಿಂದ ತೆವಳಲು ಶುರುಮಾಡಿದೆ. ಅಳು ಬಂತು, ಮೂಗು ಸೋರಿತು, ಒರೆಸಿಕೊಳ್ಳಲು ಮೂರನೇ ಕೈ ಇರಲಿಲ್ಲ.

ಅಮ್ಮ ದಡದಲ್ಲಿ ಒಂದು ಕೈಯಲ್ಲಿ ಫೋನ್ ಹಿಡಿದೇ ಬಾಯಿ ಬಡಿದುಕೊಂಡಳು. "ಹಾಳಾದ ಮೊಟ್ಟೆ ಬಿಸಾಕೇ! ನಿಂಗೆ ಇನ್ನೂ ಮದುವೆ ಆಗ್ಬೇಕು!"

"ಬಿಸಾಡಬೇಡ ಮಾರಾಯ್ತಿ, ಅದು ಮಕ್ಕಳದ್ದು!" ಇದು ಟೀಚರ್.

ಆಚೆ ದಡದಲ್ಲಿ ಪುಟ್ಟ ಪುಟ್ಟ ಮಕ್ಕಳು ಸಾಲಾಗಿ ಕುಕ್ಕರಗಾಲಲ್ಲಿ ಕೂತು, "ಅಕ್ಕ ಬಾ, ಅಕ್ಕ ಬಾ" ಅನ್ನುತ್ತಿದ್ದರು. ಹೇಗೋ ಮುಟ್ಟಿದೆ. ಒಂದೇ ಒಂದು ಮೊಟ್ಟೆ ಒಡೆದಿತ್ತು. ವಾಪಸ್ ಬರಬೇಕು ಎಂಬುದು ನೆನಪಾದದ್ದೇ ಆಗ. ಟೀಚರ್ ಬರಿಗಾಲಲ್ಲಿ ಪಟಪಟ ನಡೆದು ಬಂದು, ನನ್ನನ್ನು ಹಳ್ಳಕ್ಕಿಳಿಸಿ, ಬಂಡೆಯಿಂದ ಬಂಡೆಗೆ ಕೈ ಹಿಡಿದು ದಾಟಿಸಿದರು.

ಅಂಗಡಿಗೆ ಬಂದು ವಿಡಿಯೊ ನೋಡಿದೆ. ಅಯ್ಯೋ ದೇವರೇ! ಮುಖವೆಲ್ಲ ಕಾಡಿಗೆ, ಸೀರೆ ಮೊಣಕಾಲಿಗೆ. ತೆವಳಿದ ಭಾಗ ತೆಗೆದುಹಾಕೋಣವೆಂದು ಬೆರಳು ಇಟ್ಟೆ. ಹಿಂದೆಯೂ ಇದೇ ಬೆರಳು ನಾಲ್ಕನೇ ಹೆಜ್ಜೆಯನ್ನು ಕತ್ತರಿಸಿ ಇಷ್ಟೆಲ್ಲ ಮಾಡಿದ್ದು. ನಿಜ ಹೇಳುತ್ತೇನೆ, ನಾಚಿಕೆಯಾಯಿತು. "ನನ್ನ ಕೂಗಾದ್ರೂ ತೆಗಿಯೇ, ನೆಂಟರೆಲ್ಲ ನೋಡ್ತಾರೆ" ಎಂದು ಅಮ್ಮ ಗೋಗರೆದಳು. ಏನೂ ತೆಗೆಯಲಿಲ್ಲ. ಹಾಗೇ ಹಾಕಿದೆ. ಕೆಂಪು ಸೀರೆಯ ವಿಡಿಯೊ ಅಳಿಸಿದೆ. ನನಗೆ ಹೆಸರು ತಂದದ್ದು ಅದೊಂದೇ ಆಗಿತ್ತು, ಅಳಿಸುವಾಗ ಹೊಟ್ಟೆ ಉರಿಯಿತು.

ಆಮೇಲಿನದು ಎಲ್ಲರಿಗೂ ಗೊತ್ತು. ಶೃಂಗೇರಿಯಿಂದ ನರಸಿಂಹರಾಜಪುರದವರೆಗೆ ಎಲ್ಲಿ ಹೋದರೂ "ನಿಂಗೆ ಇನ್ನೂ ಮದುವೆ ಆಗ್ಬೇಕು" ಎಂದು ಕಾಲೇಜು ಹುಡುಗರು ಅಮ್ಮನ ರಾಗದಲ್ಲೇ ಕೂಗಿದರು. ನಾಲ್ಕನೇ ದಿನ ಇಂಜಿನಿಯರ್ ಸಾಹೇಬರ ಫೋನ್ ಬಂತು.

"ಮೇಡಂ, ನಮ್ಮನೆಯವ್ರು ನೋಡಿದ್ರು. ನಂಗೆ ಊಟ ಹಾಕೋವಾಗ ಮಾತೇ ಆಡ್ತಿಲ್ಲ. ಫೈಲು ಮೇಲೆ ಕಳಿಸಿದೀನಿ. ದಯವಿಟ್ಟು ಇನ್ನೊಂದು ವಿಡಿಯೊ ಮಾಡ್ಬೇಡಿ."

ಮುಂಗಾರು ಹಿಡಿಯುವ ಹೊತ್ತಿಗೆ ಕಬ್ಬಿಣದ ಸಣ್ಣ ಸೇತುವೆ ನಿಂತಿತು, ಎರಡೂ ಬದಿ ಕಂಬಿ. ಉದ್ಘಾಟನೆಗೆ ದೊಡ್ಡವರೊಬ್ಬರು ಬಂದರು. ಮೊದಲು ಆಚೆಯಿಂದ ಮಕ್ಕಳು ನಡೆದು ಬರಬೇಕು, ಆಮೇಲೆ ಈಚೆ ತುದಿಯಲ್ಲಿ ಟೇಪು ಕತ್ತರಿಸುವುದು ಎಂದು ಏರ್ಪಾಡು. ನಾನು ಮಕ್ಕಳ ಜೊತೆಗೆ ಆಚೆ ದಡದಲ್ಲಿದ್ದೆ. ಕೆಳಗೆ ಕೆಂಪು ನೀರು ಬುಸುಗುಡುತ್ತಿತ್ತು.

ಎಲ್ಲರಿಗಿಂತ ಮುಂದಿದ್ದ ಪುಟ್ಟಿ ಸೇತುವೆಯ ಮೇಲೆ ಕಾಲಿಟ್ಟಳು. ಒಮ್ಮೆ ಕೆಳಗೆ ನೋಡಿದಳು. ಹೊಸ ಲಂಗ ಸರಿಮಾಡಿಕೊಂಡು ಕೂತಳು, ತೆವಳಲು ಶುರುಮಾಡಿದಳು. ಅವಳ ಹಿಂದೆ ಉಳಿದವೂ ಒಂದೊಂದಾಗಿ ಕೂತವು. ತಾಯಂದಿರ ಫೋನಿನಲ್ಲಿ ಅಷ್ಟು ಸಲ ನೋಡಿದ್ದವಲ್ಲ! ಈಚೆ ತುದಿಯಲ್ಲಿ ದೊಡ್ಡವರು ಕತ್ತರಿ ಹಿಡಿದು ನಿಂತೇ ಇದ್ದರು. ಜನ ಬಿದ್ದು ಬಿದ್ದು ನಕ್ಕರು.

"ಎದ್ದು ನಡೀರೇ!" ಎಂದು ಟೀಚರ್ ಅಲ್ಲಿಂದಲೇ ಕೂಗಿದರು.

"ಅಕ್ಕ ಹಿಂಗೇ ಬಂದಿದ್ದು" ಅಂದಳು ಪುಟ್ಟಿ.

"ಇದು ಗಟ್ಟಿ ಇದೆ ಪುಟ್ಟಿ, ನಡೀಬಹುದು" ಅಂದೆ ನಾನು.

ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. "ಹಂಗಾರೆ ನೀನು ನಡಿ."

ನನಗೂ ನಗು ಬಂದಿತ್ತು, ಅಲ್ಲಿಗೆ ನಿಂತುಹೋಯಿತು. ಕೈಯಲ್ಲಿ ಫೋನಿರಲಿಲ್ಲ, ಅಮ್ಮನ ಹತ್ತಿರ ಇತ್ತು. ಒಂದು ಕೈಯಲ್ಲಿ ಕಂಬಿ ಬಿಗಿಹಿಡಿದು, ಕೂತ ಮಕ್ಕಳನ್ನು ಬಳಸಿ ಹೊರಟೆ. ಒಂದು, ಎರಡು, ಮೂರು ಹೆಜ್ಜೆಗೆ ಪುಟ್ಟಿಯ ಹತ್ತಿರ ಬಂದು ಇನ್ನೊಂದು ಕೈ ಕೊಟ್ಟೆ. ಅವಳು ಎದ್ದು ಲಂಗ ಕೊಡವಿಕೊಂಡಳು. ನಾವಿಬ್ಬರೂ ನಾಲ್ಕನೆಯದನ್ನು ಒಟ್ಟಿಗೇ ಇಟ್ಟೆವು.