ಮರುಳಸಿದ್ದಯ್ಯನವರ ಫ್ರಾನ್ಸ್ ಗಿಂಡಿ

ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವರಿಗೆ ಒಂದಲ್ಲ ಒಂದು ಚಟ ಇದ್ದೇ ಇರುತ್ತದೆ. ಒಬ್ಬರಿಗೆ ಇಸ್ಪೀಟು, ಇನ್ನೊಬ್ಬರಿಗೆ ರಾಜಕೀಯ. ನಮ್ಮ ಮರುಳಸಿದ್ದಯ್ಯನವರಿಗೆ ಹಳೇ ಪಿಂಗಾಣಿ. ಅದೂ ಫ್ರಾನ್ಸಿನದೇ ಆಗಬೇಕು! ಒಣಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಒಣಗಿ ಗಿಟುಕಾಗಿದೆಯೋ ಇಲ್ಲವೋ ಹೇಳುವ ಮನುಷ್ಯ, ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಕಪ್ಪುಗಳನ್ನು ಉಗುರಿನಿಂದ ತಟ್ಟಿ, ಕಣ್ಣು ಮುಚ್ಚಿ ಕೇಳುತ್ತಿದ್ದರು.

ಈ ಸಲ ತಂದದ್ದು ನೂರು ವರ್ಷ ದಾಟಿದ ಕಾಫಿ ಸೆಟ್ಟು. ಕಪ್ಪು, ಸಾಸರು, ಸಕ್ಕರೆ ಬಟ್ಟಲು, ಜೊತೆಗೆ ಉದ್ದ ಮೂತಿಯ, ಚಿನ್ನದ ಅಂಚಿನ ಕಾಫಿ ಗಿಂಡಿ. ತೆಂಗಿನ ನಾರು ತುಂಬಿದ ಚೀಲದಲ್ಲಿಟ್ಟು, ಬಸ್ಸಿನುದ್ದಕ್ಕೂ ಕೂಸಿನ ಹಾಗೆ ಮಡಿಲಲ್ಲಿ ಹಿಡಿದುಕೊಂಡು ಬಂದರು. ಹಿಂದೆ ತಂದದ್ದೆಲ್ಲ ಬೀರುವಿನಲ್ಲಿ ಕೂತಿತ್ತು. ಈ ಗಿಂಡಿಯಿಂದ ಮಾತ್ರ ಹೆಂಡತಿ ಶಿವರುದ್ರಮ್ಮ ಕಾಫಿ ಬಗ್ಗಿಸಬೇಕು, ಇಬ್ಬರೂ ಜಗಲಿಯ ಮೇಲೆ ಕೂತು ಕುಡಿಯಬೇಕು. ಇದೊಂದೇ ಅವರ ಆಸೆ.

ಅಷ್ಟರಲ್ಲಿ ಸೊಸೆ ಸೌಂದರ್ಯ ಮೊಬೈಲು ನೋಡಿ ಬತ್ತಿ ಇಟ್ಟಳು. "ಅತ್ತೆ, ಇಂಥ ಪಿಂಗಾಣಿಗೆ ದನದ ಮೂಳೆ ಸುಟ್ಟು ಬೂದಿ ಹಾಕ್ತಾರಂತೆ!"

ತೀರಿತಲ್ಲ! ಶಿವರುದ್ರಮ್ಮ ಮೊಟ್ಟೆಯ ವಾಸನೆಗೇ ಮೂಗು ಮುಚ್ಚುವವರು, ಲಿಂಗಪೂಜೆ ಆಗದೆ ನೀರೂ ಮುಟ್ಟದವರು. "ರೀ, ಮೊದ್ಲು ಅದನ್ನ ಆಚೆ ಇಕ್ಕಿ! ನೀವೂ ಆಚೆನೇ ಇರಿ!"

ಮರುಳಸಿದ್ದಯ್ಯ ಹಿತ್ತಲಲ್ಲಿ ಗಿಂಡಿ ತಬ್ಬಿಕೊಂಡು ಕೂತರು. ಪಾಪ, ಕಣ್ಣಲ್ಲಿ ನೀರೇ ಬಂತು. ಕೊನೆಗೆ ಬೆಂಗಳೂರಿನ ಅಂಗಡಿಯವನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಅಡುಗೆಮನೆ ಕಿಟಕಿಗೆ ಹಿಡಿದರು.

"ಮೂಳೆ ಬೂದಿ ಹಾಕೋದು ಇಂಗ್ಲೆಂಡಿನವ್ರು ಸಾರ್. ನಿಮ್ದು ಹಳೇ ಫ್ರೆಂಚ್ ಮಾಲು. ಬರೀ ಬಿಳಿ ಜೇಡಿಮಣ್ಣು, ಕಲ್ಲಿನ ಪುಡಿ" ಎಂದ ಅವನು.

ಮರುಳಸಿದ್ದಯ್ಯನವರಿಗೆ ಆನೆಬಲ ಬಂತು. ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಮುಚ್ಚಿಕೊಳ್ಳಬೇಕಲ್ಲ! "ಕೇಳಿಸ್ತೇನೇ? ಶುದ್ಧ ಮಣ್ಣು ಕಣೇ! ದೇವರ ಮುಂದೆ ಇಕ್ಕಿದ್ರೂ ದೋಷ ಇಲ್ಲ!"

ಶಿವರುದ್ರಮ್ಮ ಹೊರಗೆ ಬಂದು ಗಿಂಡಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕಪ್ಪಿಗೆ ಯಾರ್ಯಾರು ಬಾಯಿಟ್ಟವ್ರೋ, ಅವು ಬ್ಯಾಡ. ಇದಕ್ಯಾರೂ ಬಾಯಿಟ್ಟಿಲ್ಲ. ಮೂತಿ ಚೆನ್ನಾಗೈತೆ ಬುಡಿ" ಎಂದವರೇ, ಗಂಡ ಬೇಡ ಬೇಡ ಎನ್ನುತ್ತಿದ್ದರೂ ಹುಣಸೆಹಣ್ಣು ಹಚ್ಚಿ ತೊಳೆದು, ನೇರ ದೇವರ ಕೋಣೆಗೆ ಒಯ್ದರು. ಸಕ್ಕರೆ ಬಟ್ಟಲಿಗೆ ವಿಭೂತಿ ತುಂಬಿತು. ಹೇಳಿದ್ದು ತಾವೇ, ಇನ್ನು ಯಾರ ಮೇಲೆ ರೇಗುವುದು?

ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ ಬಂದ ಶಿವರುದ್ರಮ್ಮ "ಕೈ ಒಡ್ಡಿ" ಎಂದರು. ಫ್ರಾನ್ಸಿನ ಮೂತಿಯಿಂದ ತೀರ್ಥ ಸಣ್ಣಗೆ ಇಳಿದು ಅಂಗೈ ತುಂಬಿತು. ಮರುಳಸಿದ್ದಯ್ಯ ಕಣ್ಣು ಮುಚ್ಚಿ ಕುಡಿದರು.

"ಒಂದು ತೊಟ್ಟೂ ಚೆಲ್ಲಲಿಲ್ಲ, ನೋಡ್ದೇನೇ?"

"ನೋಡ್ದೆ. ಕಾಫಿ ಸ್ಟೀಲ್ ಲೋಟದಲ್ಲಿ ಆರೋಯ್ತಾ ಐತೆ, ಹೋಗಿ ಕುಡೀರಿ."

ಅವರು ಕದಲಲಿಲ್ಲ. ಅಂಗೈ ಇನ್ನೂ ಹಾಗೇ ಇತ್ತು.

"ಕಾಫಿ ಆಮೇಲೆ. ಇನ್ನೊಂದು ಸಲ ಬಗ್ಗಿಸೇ."