ಒಣ ಪ್ಲಮ್ಮಿಗೂ ಬದನೆಕಾಯಿಗೂ ಏನು ಸಂಬಂಧ?

ಕಳೆದ ರವಿವಾರ ನಮ್ಮಕ್ಕ ಅರ್ಧ ಡಬ್ಬಿ ಒಣ ಪ್ಲಮ್ ಹಣ್ಣನ್ನು ಎಮ್ಮೆಯ ಗೋದಲಿಗೆ ಸುರಿದಳು. ನಾನೇ ಹುಬ್ಬಳ್ಳಿಯಿಂದ ತಂದುಕೊಟ್ಟ ಹಣ್ಣು. ಎಮ್ಮೆ ಒಮ್ಮೆ ಮೂಸಿ ನೋಡಿ ಎರಡೇ ಬಾಯಿಗೆ ಮುಗಿಸಿತು. ಆ ದಿನ ಬೆಳಿಗ್ಗೆಯವರೆಗೂ ಅಕ್ಕ ಅದೇ ಹಣ್ಣನ್ನು ದಿನಕ್ಕೆ ನಾಲ್ಕರಂತೆ ಮಗಳಿಗೆ ಪ್ರೀತಿಯಿಂದ ತಿನ್ನಿಸುತ್ತಿದ್ದಳು!

ಔಷಧಿಯಂತಿದ್ದದ್ದು ಗಂಟೆಯೊಳಗೆ ವಿಷ ಆದದ್ದು ಹೇಗೆ? ಅದಕ್ಕೆ ಕಾರಣ ಒಬ್ಬ ವಿಜ್ಞಾನ ಮಾಸ್ತರ. (ಅಂದರೆ, ಅಣ್ಣಿಗೇರಿಯಲ್ಲಿ ಪಾಠ ಮಾಡಿ ವಾರಕ್ಕೊಮ್ಮೆ ನಿಮ್ಮ ತಲೆಯನ್ನೂ ತಿನ್ನುವ ಇದೇ ಅಂಕಣಕಾರ.)

ಮೊದಲಿನಿಂದ ಹೇಳುತ್ತೇನೆ. ಅಕ್ಕನ ಊರು ಕುಂದಗೋಳ ತಾಲ್ಲೂಕಿನ ಕುಬಿಹಾಳ. ಅವಳ ಮಗಳು ರೇಖಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಆಪರೇಶನ್ ಆಯಿತು. ಕೂಸು ಗುಂಡಗಿದೆ, ಅದರ ಗಂಟಲಂತೂ ಬಲು ಗಟ್ಟಿ. ತೊಂದರೆ ಇದ್ದದ್ದು ತಾಯಿಗೆ. ಎಂಟು ದಿನದಿಂದ ಸಂಡಾಸವೇ ಆಗಿಲ್ಲ. ಮುಕ್ಕಿದರೆ ಹೊಲಿಗೆ ಎಲ್ಲಿ ಬಿಚ್ಚುತ್ತದೋ ಎಂಬ ಅಂಜಿಕೆ.

ಇದನ್ನು ಅವಳು ತಾಯಿಗೆ ಹೇಳಲಿಲ್ಲ. ಕೂಸು ನೋಡಲು ಬರುವ ಹೆಂಗಸರ ಸಾಲು, ಬಾಗಿಲಲ್ಲೇ ಪೇಪರ್ ಹಿಡಿದು ಕುಳಿತ ಅಪ್ಪ. ಹೇಳುವುದಾದರೂ ಹೇಗೆ? ಫೋನ್ ಮಾಡಿ ನನ್ನ ಹೆಂಡತಿಗೆ ಹೇಳಿದಳು. ಡಾಕ್ಟರು ನೀರು ಚೆನ್ನಾಗಿ ಕುಡಿ, ಒಣ ಪ್ಲಮ್ ತಿನ್ನು ಎಂದಿದ್ದರಂತೆ. ನನ್ನ ಹೆಂಡತಿ ಅದನ್ನು ನನ್ನ ಕಿವಿಗೆ ಪಿಸುಗುಟ್ಟಿದಳು. (ಅಡುಗೆಮನೆಯಲ್ಲಿ ಇದ್ದವರು ನಾವಿಬ್ಬರೇ. ಆದರೂ ಪಿಸುಮಾತು!)

ಹುಬ್ಬಳ್ಳಿಯ ಅಂಗಡಿಯವ ಪಾಕೀಟು ಕೊಡುತ್ತಾ, “ಬಿರ್ಯಾನಿಗೆ ಹಾಕೋ ಆಲೂಬುಖಾರಾ ಬ್ಯಾರೆ ಸರ್, ಇದು ಸಿಹಿ ಜಾತಿ. ಬೀಜಾ ತಗದಾರ್ರಿ” ಎಂದ. ಪಾಕೀಟಿನ ಮೇಲೆ ದಪ್ಪ ಅಕ್ಷರದಲ್ಲಿ ಆಂಟಿಆಕ್ಸಿಡೆಂಟ್ ಎಂದಿತ್ತು. ಆ ಶಬ್ದ ನೋಡಿ ನನಗೆ ಜೀವ ಬಂದಂತಾಯಿತು. ಅಕ್ಕನ ಮನೆಯಲ್ಲಿ ಹೇಳಲು ಒಂದು ಮರ್ಯಾದಸ್ಥ ಕಾರಣ ಸಿಕ್ಕಿತಲ್ಲ!

“ಏನಲೇ ತಮ್ಮಾ ಇದು? ಉತ್ತತ್ತಿ ಸುಟ್ಟಂಗ ಅದಾವು,” ಎಂದಳು ಅಕ್ಕ.

“ಇದರಾಗ ಆಂಟಿಆಕ್ಸಿಡೆಂಟ್ ಐತಿ, ಅಕ್ಕಾ.”

“ಅಂದ್ರ? ಶಕ್ತಿ?”

“ಹ್ಞೂಂ, ಒಂಥರಾ ಶಕ್ತಿನ.”

(ವಿಜ್ಞಾನ ಮಾಸ್ತರನಾದವನು ಕೊಡಬಾರದ ಉತ್ತರ. ವಿದ್ಯಾರ್ಥಿ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ.)

ಮೂರನೆಯ ದಿನವೇ ನನ್ನ ಹೆಂಡತಿಗೆ ಫೋನ್ ಬಂತು. ಹಣ್ಣು ಕೆಲಸ ಮಾಡಿತ್ತು. ರೇಖಾಳ ದನಿಯೇ ಬದಲಾಗಿತ್ತಂತೆ.

ನನಗೆ ಮಾತ್ರ ತಲೆಯಲ್ಲಿ ಹುಳ ಹೊಕ್ಕಿತು. ಅಷ್ಟು ಜಂಬದಿಂದ ಹೇಳಿ ಬಂದೆನಲ್ಲ, ಆ ಹಣ್ಣಿನಲ್ಲಿ ನಿಜವಾಗಿ ಇರುವುದೇನು? ಹುಡುಕಿ ಓದುತ್ತಾ ಕುಳಿತೆ. ಕ್ಲೋರೋಜೆನಿಕ್ ಆಸಿಡ್, ನಿಯೋಕ್ಲೋರೋಜೆನಿಕ್ ಆಸಿಡ್ ಎಂಬ ಎರಡು ವಸ್ತುಗಳು ಇದರಲ್ಲಿ ಬಹಳ. ಹೆಸರು ನೋಡಿ ಹೆದರಬೇಡಿ, ಕ್ಲೋರಿನ್ ಇದರಲ್ಲಿ ಒಂದಿಷ್ಟೂ ಇಲ್ಲ. ಗಿಡ ಇವನ್ನು ಮಾಡಿಕೊಳ್ಳುವುದು ನಮಗಾಗಿಯೂ ಅಲ್ಲ. ಹುಳ, ಬೂಷ್ಟು, ಬಿಸಿಲಿನಿಂದ ತನ್ನ ಮೈ ಕಾಯ್ದುಕೊಳ್ಳಲು.

ಪ್ರನಾಳದಲ್ಲಿ ಇವು ಆಕ್ಸಿಜನ್ನಿನ ಹೊಡೆತಕ್ಕೆ ತಾವೇ ಮುಂದಾಗಿ ಮೈಯೊಡ್ಡುತ್ತವೆ, ಪಕ್ಕದವರನ್ನು ಉಳಿಸುತ್ತವೆ. ನಮ್ಮ ಹೊಟ್ಟೆಗೆ ಇಳಿದ ಮೇಲೂ ಅಷ್ಟೇ ನಿಷ್ಠೆಯಿಂದ ದುಡಿಯುತ್ತವೆಯೇ? ಎದೆ ತಟ್ಟಿ ಹೇಳುವುದು ಕಷ್ಟ. ರೇಖಾಳ ಹೊಟ್ಟೆಯನ್ನು ಸಡಿಲ ಮಾಡಿದ್ದು ಮುಖ್ಯವಾಗಿ ಹಣ್ಣಿನ ನಾರು, ಮತ್ತೆ ಸಾರ್ಬಿಟಾಲ್ ಎಂಬ ಸಕ್ಕರೆಯಂಥ ಪದಾರ್ಥ. ಅವಕ್ಕೆ ಪಾಕೀಟಿನ ಮೇಲೆ ದಪ್ಪ ಅಕ್ಷರದ ಮರ್ಯಾದೆ ಇಲ್ಲ, ಅಷ್ಟೇ.

ಓದುತ್ತಾ ಓದುತ್ತಾ ಇನ್ನೊಂದು ಸಂಗತಿ ಸಿಕ್ಕಿತು. ಈ ಕ್ಲೋರೋಜೆನಿಕ್ ಆಸಿಡ್ ನಮ್ಮ ಬದನೆಕಾಯಿಯಲ್ಲೂ ಧಾರಾಳ ಇದೆ! ರೊಟ್ಟಿಯ ಜೊತೆ ವಾರಕ್ಕೆ ನಾಲ್ಕು ಸಲ ತಿನ್ನುವ ಅದೇ ಬದನೆಕಾಯಿ. ಇಂಥದ್ದನ್ನು ತಿಳಿದ ಮಾಸ್ತರ ಸುಮ್ಮನಿರುತ್ತಾನೆಯೇ?

ರವಿವಾರ ಕುಬಿಹಾಳಕ್ಕೆ ಹೋದಾಗ ನಮಗೆಲ್ಲ ಎಣ್ಣೆಗಾಯಿ ಊಟ. ತಲೆಗೆ ಕುಂಚಿಗೆ ಕಟ್ಟಿಕೊಂಡ ರೇಖಾಳ ತಟ್ಟೆಯಲ್ಲಿ ಅನ್ನ, ತುಪ್ಪ, ಸಬ್ಬಸಗಿ ಪಲ್ಯ. ಅವಳ ಕಣ್ಣು ನನ್ನ ತಟ್ಟೆಯ ಮೇಲಿತ್ತು.

“ಮಾಮಾ, ಒಂದ ಹೋಳರ ಕೊಡ್ರಿ.”

“ಏ, ಕೊಡಬ್ಯಾಡ. ಬಾಣಂತಿಗೆ ಬದನೀಕಾಯಿ ನಂಜು. ಹೊಲಿಗಿ ಮಾಯೂದಿಲ್ಲ,” ಎಂದಳು ಅಕ್ಕ.

ನಾನು ಕೈ ತೊಳೆದುಕೊಂಡು ಪಾಠಕ್ಕೆ ನಿಂತೆ.

“ಅಕ್ಕಾ, ಹೆಚ್ಚಿದ ಬದನೀಕಾಯಿ ಉಪ್ಪಿನ ನೀರಾಗ ಯಾಕ ಹಾಕ್ತಿ?”

“ಇಲ್ಲಂದ್ರ ಕರ್ರಗ ಆಗ್ತಾವಲ್ಲ.”

“ಅದರಾಗ ಒಂದು ಆಸಿಡ್ ಐತಿ. ಗಾಳಿ ತಾಗಿದ್ರ ಅದು ಕರ್ರಗ ಆಗ್ತೈತಿ. ಅದ ಆಸಿಡ್ ನಾ ತಂದ ಹಣ್ಣಿನ್ಯಾಗೂ ಐತಿ. ಹಣ್ಣು ನಡೀತೈತಿ ಅಂದ್ರ ಬದನೀಕಾಯಿನೂ ನಡೀಬೇಕಲ್ಲ?”

ಅಕ್ಕ ಹಣ್ಣಿನ ಡಬ್ಬಿಯ ಕಡೆ ಬೆರಳು ಮಾಡಿದಳು.

“ಬದನೀಕಾಯಾಗ ಇದ್ದದ್ದ ಇದರಾಗೂ ಐತೇನು?”

“ಅಗದಿ ಅದ!”

“ಹಂಗಾರ ಇದೂ ನಂಜ ಅಲಾ!”

ಅಷ್ಟೇ. ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಅವಳ ತರ್ಕದಲ್ಲಿ ತಪ್ಪು ಎಲ್ಲಿತ್ತು ಹೇಳಿ? ನಾನು ಹಾಕಿಕೊಟ್ಟ ದಾರಿಯಲ್ಲೇ ನಡೆದಿದ್ದಳು, ದಿಕ್ಕು ಮಾತ್ರ ಬೇರೆ.

ರೇಖಾ ಹೊಟ್ಟೆ ಹಿಡಿದುಕೊಂಡು ಎದ್ದು ಬಾಗಿಲವರೆಗೆ ಬಂದಳು. “ಹಾಕಬ್ಯಾಡಬೇ!” ಎನ್ನುವಷ್ಟರಲ್ಲಿ ಎಮ್ಮೆ ಬಾಯಿ ಹಾಕಿತ್ತು. ಹುಡುಗಿ ಅಲ್ಲೇ ನಿಂತು, ಅಪ್ಪ, ಮಾಮನಾದ ನಾನು, ಕೂಸು ನೋಡಲು ಬಂದಿದ್ದ ಪಕ್ಕದ ಮನೆಯ ಹೆಂಗಸರು ಎಲ್ಲರೆದುರು ಅಂದೇಬಿಟ್ಟಳು.

“ನನಗ ಎಂಟು ದಿನಾ ಸಂಡಾಸ ಆಗಿದ್ದಿಲ್ಲಬೇ ಯವ್ವಾ. ಅಳಕೋತ ಕುಂದರ್ತಿದ್ದೆ. ಆ ಹಣ್ಣು ತಿಂದ ಮ್ಯಾಲ ಆಗಾಕತ್ತಿತ್ತು. ಮಾಮಾ ತಂದಿದ್ದ ಅದಕ್ಕ.”

ಭಾವನ ಪೇಪರ್ ಮುಖದವರೆಗೆ ಏರಿತು. ಅಕ್ಕ ಖಾಲಿ ಡಬ್ಬಿ ಹಿಡಿದು ಹಾಗೇ ನಿಂತಳು. “ನನ್ನ ಮುಂದ ಹೇಳಾಕ ಏನಾಗಿತ್ತ?” ಎಂದಳು.

“ನೀರ ಕೇಳಿದ್ರ ಗುಟುಕು ಗುಟುಕು ಕೊಡ್ತಿ. ಇದನ್ನ ಹೆಂಗ ಹೇಳ್ಲಿ?”

ಬಾಣಂತಿಗೆ ಹೆಚ್ಚು ನೀರು ಕೊಡಬಾರದೆಂಬುದು ನಮ್ಮ ಮನೆಗಳ ಹಳೆಯ ಕಟ್ಟುನಿಟ್ಟು. ಅಕ್ಕ ಒಳಗೆ ಹೋಗಿ, ಕಾಯಿಸಿ ಆರಿಸಿದ ನೀರು ತುಂಬಿ ತಂಬಿಗೆಯನ್ನೇ ಮಗಳ ಕೈಗೆ ಕೊಟ್ಟಳು. ಅವಳು ಅಷ್ಟೂ ಕುಡಿಯುವವರೆಗೆ ಪಕ್ಕದಲ್ಲೇ ಕುಳಿತಳು. ಬದನೆಕಾಯಿಯ ಮಾತನ್ನು ತಾನೇ ಡಾಕ್ಟರಿಗೆ ಕೇಳುತ್ತಾಳಂತೆ. ಆಮೇಲೆ ನನ್ನ ಕಡೆ ತಿರುಗಿದಳು.

“ನಾಳೆ ಇನ್ನೊಂದು ಪಾಕೀಟು ತಾ. ಅಲ್ಲಲೇ, ಆಕಿ ಹುಡುಗಿ, ನಾಚಿಕೊಂಡಳು. ಕಲಿಸಾವ ನೀನು. ಆ ಆಸಿಡ್ಡು ಈ ಆಸಿಡ್ಡು ಅಂತ ಏನೇನೋ ಹೇಳಿದಿ. ಇದೊಂದು ಮಾತು ನಿನ್ನ ಬಾಯಾಗ ಬರಲಿಲ್ಲ?”

ಇನ್ನೊಂದು ಪಾಕೀಟು ತರುತ್ತೇನೆಂದು ಒಪ್ಪಿಕೊಂಡು ಬಸ್ಸು ಹತ್ತಿದೆ.

ಮರುದಿನ ಶಾಲೆಯಲ್ಲಿ ಜೀರ್ಣಾಂಗಗಳ ಪಾಠವಿತ್ತು. ಬಾಯಿ, ಅನ್ನನಾಳ, ಜಠರ, ಸಣ್ಣ ಕರುಳು ಎಂದು ಹುರುಪಿನಿಂದ ಚಿತ್ರ ಬಿಡಿಸುತ್ತಾ ಬಂದು, ದೊಡ್ಡ ಕರುಳಿನ ಕೊನೆಗೆ ತಲುಪಿದಾಗ ಕೈ ತಾನಾಗಿಯೇ ನಿಂತಿತು.

ಅಲ್ಲಿಗೆ ಬಂದೊಡನೆ ಸೀಮೆಸುಣ್ಣ ಕೆಳಗಿಟ್ಟು, “ಮುಂದಿನದನ್ನು ಮನೆಯಲ್ಲಿ ನೀವೇ ಓದಿಕೊಳ್ಳಿ” ಎನ್ನುತ್ತಾ ಬಂದಿರುವ ಮಾಸ್ತರ ನಾನೊಬ್ಬನೇ ಏನು?