ಸೂಜಿ ಅಕ್ಕನ ಹಳೇ ಬೈಕು

ಬೆಳಗಿನ ಐದೂಕಾಲು ಗಂಟೆ. ಗೇಟಿನೊಳಗೆ ನಿಂತ ಬೈಕಿಗೆ ಅವರು ಒಂದು ಸುತ್ತು ಬರುತ್ತಾರೆ. ಟೈರನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ, ಬ್ರೇಕು ಹಿಡಿದು ಬಿಡುತ್ತಾರೆ, ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲು ಎಷ್ಟಿದೆ ಎಂದು ಬಗ್ಗಿ ನೋಡುತ್ತಾರೆ. ನಿನ್ನೆ ಸಂಜೆಯೂ ಇದನ್ನೆಲ್ಲ ನೋಡಿದ್ದರಂತೆ. "ನೋಡಿದ್ದನ್ನೇ ನೋಡೋದು. ಏನು ಮಾಡ್ಲಿ, ಹೆದರಿಕೆ ಬಿಡಲ್ಲ," ಎನ್ನುತ್ತಾ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾರೆ. ಐಸ್ ತುಂಬಿದ ಪುಟ್ಟ ಪೆಟ್ಟಿಗೆಯನ್ನು ಎದೆಗೆ ಕಟ್ಟಿಕೊಂಡು ಕಿಕ್ಕರಿನ ಮೇಲೆ ಕಾಲಿಡುತ್ತಾರೆ. ಮೂರನೇ ಸಲಕ್ಕೆ ಬೈಕು ಕೆಮ್ಮಿ ಎದ್ದೇಳುತ್ತದೆ.

ಇವರು ರಕ್ತ ಪರೀಕ್ಷೆಯ ಲ್ಯಾಬೊಂದರ ಟೆಕ್ನಿಷಿಯನ್. ವಯಸ್ಸು ನಲವತ್ತೊಂದು. ಹಾಸಿಗೆ ಬಿಟ್ಟು ಏಳಲಾಗದವರು, ಮೆಟ್ಟಿಲು ಇಳಿಯಲಾಗದವರು, ಆಗಷ್ಟೇ ಹೆತ್ತ ತಾಯಂದಿರು, ಇಂಥವರ ಮನೆಗೇ ಹೋಗಿ ರಕ್ತ ತೆಗೆದು ತರುವುದು ಇವರ ಕೆಲಸ. 'ಸೂಜಿ ಅಕ್ಕ' ಎಂದು ಹೆಸರಿಟ್ಟವರು ಮಕ್ಕಳು. ಈಗ ಆ ಮಕ್ಕಳ ತಾತಂದಿರೂ ಹಾಗೇ ಕರೆಯುತ್ತಾರೆ. ಲ್ಯಾಬಿನ ವರದಿಯ ಕೆಳಗೆ ಡಾಕ್ಟರ ಸಹಿ ಇರುತ್ತದೆ. ಬೆಳಕು ಹರಿಯುವ ಮೊದಲೇ ಹೋಗಿ ನರ ಹುಡುಕಿ ರಕ್ತ ತಂದವರ ಹೆಸರು ಎಲ್ಲೂ ಇರುವುದಿಲ್ಲ.

ಹನ್ನೊಂದು ವರ್ಷ ಅವರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲೇ ಓಡಾಡಿದವರು. ನಾಲ್ಕು ತಿಂಗಳ ಹಿಂದೆ ಬೆಳಗಿನ ಆ ಬಸ್ಸು ನಿಂತುಹೋಯಿತು. ಗಾಡಿ ಮಾಡಿಕೊಳ್ಳಿ, ಇಲ್ಲವಾದರೆ ಕೌಂಟರಿನಲ್ಲಿ ಕುಳಿತುಕೊಳ್ಳಿ ಎಂದಿತು ಲ್ಯಾಬು. "ಕೌಂಟರಲ್ಲಿ ಕೂತ್ರೆ ನನ್ನ ಮನೆಗಳ ಗತಿ ಏನು? ಕೆಲವರದ್ದು ನರ ಎಲ್ಲಿದೆ ಅಂತ ನನಗೊಬ್ಬಳಿಗೇ ಗೊತ್ತು," ಎನ್ನುತ್ತಾರೆ. ಸೈಕಲ್ಲು ಬಿಟ್ಟರೆ ಬೇರೇನೂ ತುಳಿದು ಗೊತ್ತಿರಲಿಲ್ಲ. ಸ್ಕೂಟರ್ ನೋಡಲು ಹೋದರೆ ಮೆಕ್ಯಾನಿಕ್ ಬೇಡವೆಂದ. "ಅದರ ಗಾಲಿ ಚಿಕ್ಕದು ಅಕ್ಕಾ, ಗುಂಡಿಗೆ ಬಿದ್ರೆ ಹಲ್ಲೆಲ್ಲ ಅಲ್ಲಾಡತ್ತೆ. ನಿಮ್ಮ ಸಾಮಾನಿಗೆ ದೊಡ್ಡ ಗಾಲೀನೇ ಸರಿ."

ಹಾಗೆ ಸಿಕ್ಕಿದ್ದು ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರ ಹದಿನೇಳು ವರ್ಷದ ಬೈಕು. ಕೀಲಿ ಕೈಗಿಡುವಾಗ ಮೇಷ್ಟ್ರು ಮುಚ್ಚುಮರೆ ಮಾಡಲಿಲ್ಲ. "ಇದು ನನ್ನ ಹಾಗೇ ಕಣಮ್ಮ. ಬೆಳಿಗ್ಗೆ ಏಳೋದು ಕಷ್ಟ. ಎದ್ದ ಮೇಲೆ ಎಲ್ಲಿಗೆ ಕರೆದ್ರೂ ಬರತ್ತೆ."

ಕಲಿತದ್ದು ಆಟದ ಬಯಲಿನಲ್ಲಿ. ಅತ್ತೆ ಜೊತೆಗೆ ಬಂದು ಕಲ್ಲಿನ ಮೇಲೆ ಕೂರುತ್ತಿದ್ದರು, ಮಡಿಲಲ್ಲಿ ಹತ್ತಿ, ಟಿಂಚರು. ಸೊಸೆ ನಾಲ್ಕು ಸಲ ಬಿದ್ದದ್ದನ್ನೂ ಕಣ್ಣಾರೆ ಕಂಡವರು. "ಮಂಡಿ ತರಚಿದ್ರೆ ತರಚಲಿ, ಕೈ ಮಾತ್ರ ಜೋಪಾನ ಅಂತಿದ್ದೆ. ಅಡುಗೆ ಬೇಕಾದ್ರೆ ನಾನು ಮಾಡ್ತೀನಿ. ಇವಳ ಬದಲು ಸೂಜಿ ಚುಚ್ಚೋಕೆ ನನ್ನ ಕೈಲಾಗತ್ತಾ?" ಎಂದು ಅವರು, ಸೊಸೆಯ ಬಗ್ಗೆ ಬರೆಯಲು ಬಂದ ನನ್ನನ್ನೇ ಕೇಳುತ್ತಾರೆ.

ಲೈಸೆನ್ಸು ಬಂತು. ಆದರೆ ಮೊದಲ ವಾರವೇ ಬೇರೆ ಸಂಕಟ ಎದುರಾಯಿತು. ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಕಟ್ಟಿದ್ದರು. ದಾರಿಯುದ್ದಕ್ಕೂ ಕುಲುಕಾಡಿ ಕೆಲವು ಟ್ಯೂಬುಗಳಲ್ಲಿ ರಕ್ತಕಣ ಒಡೆದಿತ್ತು. ಟ್ಯೂಬಿನಲ್ಲಿ ರಕ್ತದ ಮೇಲೆ ನಿಲ್ಲುವ ತಿಳಿ ನೀರು ಕೆಂಪಾದರೆ ಆ ರಕ್ತ ಪರೀಕ್ಷೆಗೆ ಬಾರದು, ಮತ್ತೆ ಚುಚ್ಚಬೇಕು. ಒಂದೇ ವಾರದಲ್ಲಿ ಆರು ಮನೆಗೆ ಎರಡನೇ ಸಲ ಹೋದರು. ಎಂಬತ್ತು ದಾಟಿದ ಒಬ್ಬ ತಾತ ಬೈಯಲೂ ಇಲ್ಲ. "ಇರಲಿ ಬಿಡಮ್ಮ, ಇನ್ನೊಂದು ಕೈ ಇದೆಯಲ್ಲ," ಎಂದು ತೋಳು ಚಾಚಿದರಂತೆ. "ಬೈದಿದ್ರೆ ಎಷ್ಟೋ ಸಮಾಧಾನ ಆಗ್ತಿತ್ತು," ಎನ್ನುವಾಗ ಸೂಜಿ ಅಕ್ಕ ನೆಲ ನೋಡುತ್ತಾರೆ.

ಅಂದಿನಿಂದ ಪೆಟ್ಟಿಗೆ ಎದೆಗೇರಿದೆ. ಒಳಗೆ ಸ್ಪಂಜು ಹಾಸಿದ್ದಾರೆ. ದಿನಕ್ಕೆ ಹದಿನಾಲ್ಕು ಮನೆ, ನಲವತ್ತರಷ್ಟು ಟ್ಯೂಬು, ಇಪ್ಪತ್ತೆರಡು ಕಿಲೋಮೀಟರು. ದಾರಿಯಲ್ಲಿ ಮೂವತ್ತೊಂದು ಹಂಪು. ಯಾವುದು ಎಲ್ಲಿದೆ ಎಂಬುದು ಬಾಯಿಪಾಠ. ಒಂದೊಂದನ್ನೂ ಮೊದಲ ಗೇರಿನಲ್ಲಿ, ಉಸಿರು ಹಿಡಿದು ದಾಟುತ್ತಾರೆ. ಹಿಂದಿನಿಂದ ಹಾರ್ನು ಹಾಕುವವರಿಗೆ ಆ ಪೆಟ್ಟಿಗೆಯಲ್ಲಿ ಏನಿದೆ ಎಂದು ಹೇಗೆ ಗೊತ್ತಾಗಬೇಕು?

ಅವರ ಹಿಂದೆ ನಾನು ನನ್ನ ಸ್ಕೂಟರಿನಲ್ಲಿ ಹೋದ ದಿನ, ಹತ್ತನೇ ಮನೆಯಲ್ಲಿ ಐದು ದಿನದ ಮಗುವೊಂದು ಕಾಯುತ್ತಿತ್ತು. ಮೈಯೆಲ್ಲ ಅರಿಸಿನದ ಬಣ್ಣ. ಕಾಮಾಲೆ ಎಷ್ಟು ಏರಿದೆ ಎಂದು ಒಂಬತ್ತರೊಳಗೆ ತಿಳಿಯಬೇಕು, ಆಮೇಲೆ ಆಸ್ಪತ್ರೆಗೆ ಸೇರಿಸುವ ಮಾತು ಎಂದು ಡಾಕ್ಟರು ಹೇಳಿದ್ದರು. ಹಿಮ್ಮಡಿ ಚುಚ್ಚಿ ಹನಿ ಹನಿಯಾಗಿ ರಕ್ತ ತೆಗೆಯುವಷ್ಟರಲ್ಲಿ ತಾಯಿ ಅತ್ತು ಸಾಕಾಗಿದ್ದಳು. "ಇನ್ನೊಂದ್ಸಲ ಚುಚ್ಚಬೇಕಾಗಲ್ಲ ತಾನೇ ಅಕ್ಕಾ?" ಎಂದಳು. ಸೂಜಿ ಅಕ್ಕ ಬೆಳಕು ತಾಗಿ ಫಲಿತಾಂಶ ತಪ್ಪದಂತೆ ಟ್ಯೂಬಿಗೆ ಕಪ್ಪು ಕಾಗದ ಸುತ್ತಿ ಎದ್ದರು. ಉಳಿದ ನಾಲ್ಕು ಮನೆಗೆ ತಡವಾಗುತ್ತದೆ ಎಂದು ಫೋನು ಮಾಡಿ, ನೇರ ಲ್ಯಾಬಿನ ದಾರಿ ಹಿಡಿದರು.

ಆಗ ಎಂಟು ಗಂಟೆ. ದಿನವೂ ಹೋಗುವ ರಸ್ತೆಯನ್ನು ಪೈಪು ಹಾಕಲು ಅಗೆದಿದ್ದರು. ಉಳಿದದ್ದು ರೈಲ್ವೆ ಮೇಲ್ಸೇತುವೆ. ಎರಡು ತಿಂಗಳಿಂದ ಅವರು ಹೆದರಿ ಆ ಏರಿನ ಹತ್ತಿರ ಸುಳಿದಿರಲಿಲ್ಲ. ಅರ್ಧ ಏರುವಷ್ಟರಲ್ಲಿ ಮುಂದಿನ ವಾಹನಗಳೆಲ್ಲ ನಿಂತವು. ಹಿಂದೆ ಸಿಮೆಂಟು ಹೊತ್ತ ಲಾರಿ. ಸಾಲು ಕದಲಿದಾಗ ಸೂಜಿ ಅಕ್ಕ ಕ್ಲಚ್ಚು ಬಿಟ್ಟರು, ಬೈಕು ಗಕ್ಕನೆ ನಿಂತು ಒಂದು ಮೊಳ ಹಿಂದಕ್ಕೆ ಜಾರಿತು. ಇನ್ನೊಮ್ಮೆಯೂ ಅದೇ ಕಥೆ. ಹಾರ್ನುಗಳು ಒಟ್ಟಿಗೆ ಅರಚಿದವು. ಕನ್ನಡಿಯಲ್ಲಿ ಲಾರಿಯ ಬಂಪರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ನನ್ನ ಸ್ಕೂಟರನ್ನು ಅವರ ಪಕ್ಕಕ್ಕೆ ತಂದು ನಿಲ್ಲಿಸಿದೆ. ಪೆಟ್ಟಿಗೆ ನನಗೆ ಕೊಡಿ, ನಾನು ಮುಟ್ಟಿಸುತ್ತೇನೆ ಎಂದೆ. "ನಿಮಗೆ ಲ್ಯಾಬಿನ ಹತ್ರದ ಹಂಪುಗಳು ಗೊತ್ತಿಲ್ಲ," ಎಂದರು.

ಆಮೇಲೆ ಅವರು ಬೈಕನ್ನು ಗೇರಿನಲ್ಲೇ ಇಟ್ಟು, ಸ್ಟ್ಯಾಂಡು ಹಾಕಿ, ಅದನ್ನು ಹಿಡಿದುಕೊಳ್ಳಲು ನನಗೆ ಹೇಳಿ ಇಳಿದರು. ಲಾರಿಯ ಹತ್ತಿರ ಹೋಗಿ ತಲೆಯೆತ್ತಿ ಹೇಳಿದರು: "ಅಣ್ಣಾ, ನಾನು ಗಾಡಿಗೆ ಹೊಸಬಳು. ಹೊರಡುವಾಗ ಸ್ವಲ್ಪ ಹಿಂದಕ್ಕೆ ಜಾರತ್ತೆ. ನನ್ನ ಹತ್ರ ಹಸುಗೂಸಿನ ರಕ್ತ ಇದೆ. ಸ್ವಲ್ಪ ಜಾಗ ಬಿಟ್ಟು ನಿಂತ್ಕೋತೀರಾ?"

ಚಾಲಕ ಎಂಜಿನ್ ಆರಿಸಿದ. ನಾಲ್ಕೂ ದೀಪ ಮಿನುಗಿಸಿ, ಬಾಗಿಲು ತೆಗೆದು ಕೆಳಗಿಳಿದು, ಹಿಂದಿನ ಸಾಲಿಗೆ ಎರಡೂ ಕೈ ಅಡ್ಡ ಚಾಚಿ ನಿಂತ. "ನಿಧಾನ ಹೋಗಮ್ಮಾ. ನಿನ್ನ ದಾಟಿ ಯಾವನೂ ಹೋಗಲ್ಲ," ಎಂದ. ನನ್ನ ಕಡೆ ತಿರುಗಿ, "ಇಪ್ಪತ್ತು ವರ್ಷದಿಂದ ಲಾರಿ ಓಡಿಸ್ತಿದೀನಿ. ನನ್ನ ಹತ್ರ ಬರೋರೆಲ್ಲ ಬೈಯೋಕೇ ಬರೋದು," ಎಂದ.

ಮೂರನೇ ಪ್ರಯತ್ನದಲ್ಲಿ ಬೈಕು ಅರ್ಧ ಮೊಳ ಜಾರಿ, ಗುರುಗುಟ್ಟಿ, ಏರು ಹತ್ತಿತು.

ಎಂಟು ಮೂವತ್ತೈದಕ್ಕೆ ಲ್ಯಾಬು. ಯಂತ್ರದಲ್ಲಿ ಟ್ಯೂಬು ತಿರುಗುವಷ್ಟು ಹೊತ್ತೂ ಸೂಜಿ ಅಕ್ಕ ಹೆಲ್ಮೆಟ್ಟು ತೆಗೆಯದೆ ಗೋಡೆಗೆ ಒರಗಿ ನಿಂತಿದ್ದರು. ಒಳಗಿನ ಮೇಡಂ ಟ್ಯೂಬನ್ನು ದೀಪಕ್ಕೆ ಹಿಡಿದು, "ಚೆನ್ನಾಗಿದೆ, ಕೆಂಪಿಲ್ಲ," ಎಂದರು. ಕಾಮಾಲೆ ಹೆಚ್ಚೇ ಇತ್ತು. ಹತ್ತು ಗಂಟೆಗೆ ಮಗು ಆಸ್ಪತ್ರೆಯಲ್ಲಿ, ಕಾಮಾಲೆ ಇಳಿಸುವ ನೀಲಿ ದೀಪದ ಕೆಳಗಿತ್ತು. ಮೂರನೇ ದಿನ ಮನೆಗೆ ಬಂತು.

ಅಂದು ಲ್ಯಾಬಿನಲ್ಲೇ, ಹೆದರಿಕೆ ಹೋಯಿತೇ ಎಂದು ಕೇಳಿದೆ. "ಎಲ್ಲಿ ಹೋಗತ್ತೆ? ನಾಳೆ ಬೆಳಿಗ್ಗೆ ನನಗಿಂತ ಮೊದಲು ಎದ್ದು ಕೂತಿರತ್ತೆ," ಎಂದರು. ಬಾಕಿ ಉಳಿದ ನಾಲ್ಕು ಮನೆಗೆ ಹೊಸ ಸೂಜಿಗಳನ್ನು ಎಣಿಸಿಕೊಳ್ಳುತ್ತಿದ್ದರು. ಏನಾದರೂ ಆಸೆ ಇದೆಯೇ ಎಂದೆ.

"ಬಸ್ಸು ಹೋಗದ ದಾರೀಲಿ ಈಗ ದಿನಾ ಹೋಗ್ತೀನಲ್ಲ, ಅದರ ಪಕ್ಕದಲ್ಲಿ ಒಂದು ಕೆರೆ ಇದೆಯಂತೆ. ಎಲ್ಲರೂ ಹೇಳ್ತಾರೆ. ಎರಡು ತಿಂಗಳಿಂದ ರಸ್ತೆ ಬಿಟ್ರೆ ಬೇರೇನೂ ನೋಡಿಲ್ಲ ನಾನು. ಒಂದಿನ ಗಾಡಿ ಓಡಿಸ್ತಾನೇ ಅದನ್ನ ನೋಡ್ಬೇಕು."